ಪಕ್ಕದಲ್ಲಿ ನಿಲ್ಲಬೇಕಾದವನು

"ನನ್ನ ಅಂಗಳದಲ್ಲಿ ನನ್ನ ಮಗನ ಹೆಸರೇ ಇರಬೇಕು! ಬೇರೆ ಯಾವಳದ್ದೂ ಇರಕೂಡದು!"

ಮುದುಕಿ ಓಲ್ಗಾ ಯುರ್ಕೊ ಸುತ್ತಿಗೆ ಎತ್ತಿ ಎತ್ತಿ ಹೊಡೆಯುತ್ತಿದ್ದಳು. ಹಿರಿಮಗ ರೇಮಂಡನ ಹೆಸರಿದ್ದ ಚುನಾವಣಾ ಫಲಕ ಹುಲ್ಲಿನೊಳಗೆ ಇಳಿಯುತ್ತಿತ್ತು. ಕಿರಿಸೊಸೆ ಡೊರೀನಳ ಫಲಕ ಆಗಲೇ ಕಸದ ಡಬ್ಬದ ಮೇಲೆ ಬಿದ್ದಿತ್ತು. ನಾಯಿ ತಿರುಗಾಡಿಸಲು ಹೊರಟವರೆಲ್ಲ ನಾಯಿಯನ್ನು ಮರೆತು ಈ ತಮಾಷೆ ನೋಡುತ್ತಾ ನಿಂತಿದ್ದರು. ಇನ್ನೊಬ್ಬರ ಮನೆಯ ಜಗಳವೆಂದರೆ ಯಾವ ಊರಿನವರಿಗೆ ಬೇಡ ಹೇಳಿ!

"ಅತ್ತೆ, ನನ್ನ ಫಲಕದಲ್ಲೂ ಯುರ್ಕೊ ಅಂತಾನೇ ಇದೆ. ನಾನೂ ಈ ಮನೆಯವಳೇ ಅಲ್ವಾ?"

"ಮನೆಯವಳಾದ್ರೆ ಮನೆ ಮಗನ ಎದುರು ನಿಲ್ತಿದ್ಯಾ? ನನ್ನ ಗಂಡನ ಹೆಸರು ಇಟ್ಕೊಂಡು ನನ್ನ ಮಗನ್ನೇ ಬೀಳಿಸೋಕೆ ಹೊರಟಿದ್ದೀಯಲ್ಲೇ!"

ಭಾವ ರೇಮಂಡ್ ಹದಿನಾರು ವರ್ಷಗಳಿಂದ ಶಾಸಕ. ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಮೇ ತಿಂಗಳ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಚುನಾವಣೆಯಲ್ಲಿ, ಪಕ್ಷದ ಮತದಾರರು ಯಾರನ್ನು ಆರಿಸುತ್ತಾರೋ ಅವರೇ ಗೆದ್ದಂತೆ. ನವೆಂಬರಿನ ಚುನಾವಣೆ ಬರೀ ಶಾಸ್ತ್ರಕ್ಕೆ. ಇಷ್ಟು ವರ್ಷ ಅವನೆದುರು ಒಂದು ನರಪಿಳ್ಳೆಯೂ ನಿಂತಿರಲಿಲ್ಲ. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುವಾಗ ತುಟಿ ಪಿಟಕ್ಕೆನ್ನದೆ ಕುಳಿತ ಪುಣ್ಯಾತ್ಮ ಅವನು! ಆ ವಾರ್ಡಿನಲ್ಲೇ ನರ್ಸಾಗಿದ್ದವಳು ಡೊರೀನ್. ಕೆಲಸ ಹೋದದ್ದನ್ನು ಅವಳು ನುಂಗಿಕೊಂಡಿದ್ದಳು. ಆದರೆ ಹೋದ ಚಳಿಗಾಲ, ಹಿಮದಲ್ಲಿ ಗುಡ್ಡ ದಾಟಿ ಆಸ್ಪತ್ರೆ ಸೇರಲಾಗದ ಬಸುರಿ ಹುಡುಗಿಯೊಬ್ಬಳು ಪೆಟ್ರೋಲ್ ಬಂಕಿನ ಮುಂದೆ ಕಾರಿನಲ್ಲೇ ಹೆತ್ತಳು. ಓಡಿಹೋದ ಡೊರೀನಳ ಕೈಯಲ್ಲೇ ಆ ಕೂಸು ತಣ್ಣಗಾಯಿತು... ಅಯ್ಯೋ, ಆ ತೂಕವೇ ಇಲ್ಲದ ಕೂಸು! ಮರುವಾರವೇ ಅವಳು ಭಾವನ ಎದುರು ನಿಲ್ಲುವುದಾಗಿ ಹೇಳಿದಳು. ಊರು ನಕ್ಕಿತು.

ಅಷ್ಟರಲ್ಲಿ ಅವಳ ಗಂಡ ಮಿಚ್ ಕೆಲಸದಿಂದ ಬಂದ. ರಸ್ತೆ ಇಲಾಖೆಯ ಲಾರಿ ಓಡಿಸುವ ಆ ಕೆಲಸವನ್ನು ಕೊಡಿಸಿದವನು ಅಣ್ಣನೇ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಎರಡೂ ಫಲಕಗಳನ್ನು ಎತ್ತಿಕೊಂಡು ಹೋಗಿ ಗ್ಯಾರೇಜಿನಲ್ಲಿ ಒರಗಿಸಿದ. ಯಾರನ್ನೂ ನೋಯಿಸಬಾರದೆಂದು ಎಲ್ಲರನ್ನೂ ನೋಯಿಸುವ ಜಾತಿಯ ಮನುಷ್ಯ!

ಅಡುಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡ. "ಅಮ್ಮನ ಮಾತು ಬಿಡು. ಮಂಗಳವಾರ ಫೈರ್ ಸ್ಟೇಷನ್ ಬಾಗಿಲಲ್ಲಿ ನಿನ್ನ ಪಕ್ಕಾನೇ ನಿಂತ್ಕೋತೀನಿ."

"ನಿನ್ನ ವೋಟು ಯಾರಿಗೆ ಬೇಕಾದ್ರೂ ಹಾಕ್ಕೋ ಮಿಚ್, ನಾನು ಕೇಳಲ್ಲ. ಪಕ್ಕದಲ್ಲಿ ನಿಂತ್ರೆ ಸಾಕು ನಂಗೆ."

"ನಿಂತ್ಕೋತೀನಿ ಅಂದ್ನಲ್ಲ!"

ಅವಳು ಸುಮ್ಮನೆ ಕೇಳಿದ್ದಲ್ಲ. ಆ ಊರಿನ ಮತಗಟ್ಟೆ ಫೈರ್ ಸ್ಟೇಷನ್ನಿನ ಹಾಲಿನಲ್ಲಿ. ಎರಡೂ ಕಡೆಯವರು ಹೊರಗೆ ಹೆಸರಿನ ಚೀಟಿ ಹಂಚುತ್ತಾ ನಿಲ್ಲುತ್ತಾರೆ. ಜನ ಭಾಷಣ ಕೇಳುವವರಲ್ಲ. ಯಾರ ಪಕ್ಕ ಯಾರು ನಿಂತಿದ್ದಾರೆಂದು ಒಮ್ಮೆ ಕಣ್ಣಾಡಿಸಿ ಒಳಗೆ ಹೋಗುತ್ತಾರೆ.

ಮಂಗಳವಾರ ಡೊರೀನ್ ಮೊದಲೇ ಹೋಗಿ ನಿಂತಳು. ಕಾಫಿ ತರುತ್ತೇನೆಂದಿದ್ದ ಮಿಚ್ ಬಂದ... ತಾಯಿಗೆ ತೋಳು ಕೊಟ್ಟುಕೊಂಡು, ತಲೆಗೆ ರೇಮಂಡನ ನೀಲಿ ಟೋಪಿ ಹಾಕಿಕೊಂಡು! ಬಂದವನೇ ಎದುರುಗಡೆ ನಿಂತ. ಡೊರೀನ್ ದಾರಿ ದಾಟಿ ಅವನ ಹತ್ತಿರ ಹೋದಳು.

"ಮಿಚ್... ಏನಿದು?"

"ಅಣ್ಣ ಬೆಳಿಗ್ಗೆ ಫೋನ್ ಮಾಡಿದ್ದ." ಅವನು ಅವಳ ಬೂಟನ್ನು ನೋಡುತ್ತಾ ಹೇಳಿದ. "ಲಾರಿ ಕೆಲಸ ಹೋಗತ್ತಂತೆ. ಇಬ್ಬರಲ್ಲಿ ಒಬ್ಬರಿಗಾದ್ರೂ ಕೆಲಸ ಬೇಡ್ವಾ, ಡೊರೀನ್?"

"ಮಾತಾಡಿದ್ದು ಸಾಕು," ಎಂದಳು ಓಲ್ಗಾ. "ಹೋಗು, ನಿನ್ನ ಜಾಗದಲ್ಲಿ ನಿಂತ್ಕೋ. ಇದು ನಮ್ಮ ಕಡೆ."

ಇಡೀ ದಿನ ಅವಳು ಒಬ್ಬಳೇ ನಿಂತಳು. ಮುಖದಲ್ಲಿ ನಗು ಇಟ್ಟುಕೊಂಡು ಚೀಟಿ ಹಂಚಿದಳು. ಆಚೆ ಬೀದಿಯ ಸ್ಟೆಲ್ಲಾಳ ಮೊಮ್ಮಕ್ಕಳೆಲ್ಲ ಡೊರೀನಳ ಕೈಯಲ್ಲೇ ಹುಟ್ಟಿದವರು. ಆ ಸ್ಟೆಲ್ಲಾ ಹತ್ತಿರ ಬಂದು ಅವಳ ಕೆನ್ನೆ ಸವರಿದಳು.

"ನಿಂಗೇ ಅಂತ ಮನಸ್ಸು ಮಾಡ್ಕೊಂಡು ಬಂದೆ ಕಣಮ್ಮ. ಆದ್ರೆ ಕಟ್ಕೊಂಡ ಗಂಡನೇ ನಿನ್ನ ಕಡೆ ಇಲ್ವಲ್ಲ... ಅವನಿಗೆ ಏನೋ ಗೊತ್ತಿರಬೇಕು."

ಹಾಗೆಂದವಳು ಓಲ್ಗಾಳ ಕೈಯಿಂದ ಚೀಟಿ ಇಸಿದುಕೊಂಡು ಒಳಗೆ ಹೋದಳು.

ಸಂಜೆ ಎಣಿಕೆ ಬಂತು. ಕ್ಷೇತ್ರದ ಗುಡ್ಡದಾಚೆಯ ಊರುಗಳು ಗುರುತು ಪರಿಚಯವಿಲ್ಲದ ಈ ನರ್ಸಿಗೆ ವೋಟು ಸುರಿದಿದ್ದವು. ಅವಳನ್ನು ಮುಳುಗಿಸಿದ್ದು ಸ್ವಂತ ಊರು, ಆ ಒಂದು ಬಾಗಿಲು.

ಸೋತವರು ಗೆದ್ದವರ ಕೈ ಕುಲುಕಿ ಬರಬೇಕೆಂಬುದು ಅಲ್ಲಿಯ ಪದ್ಧತಿ. ಡೊರೀನ್ ಮುಖ ತೊಳೆದುಕೊಂಡು, ರೇಮಂಡನ ಕಡೆಯವರು ಗೆಲುವಿನ ಔತಣ ಇಟ್ಟಿದ್ದ ಕ್ಲಬ್ಬಿಗೆ ಹೋದಳು. ಬೆಣ್ಣೆಯಲ್ಲಿ ಈರುಳ್ಳಿ ಹುರಿದ ಘಮ, ಬಿಯರು, ಗದ್ದಲ.

"ಬಾರಮ್ಮ, ಬಾ!" ರೇಮಂಡ್ ವೇದಿಕೆಯಿಂದಲೇ ಕೂಗಿದ. "ಪ್ರೈಮರಿಯಲ್ಲಿ ಜಗಳ ಇದ್ದದ್ದೇ. ಇವತ್ತಿಂದ ಎಲ್ಲಾ ಒಂದೇ ಮನೆ! ಎಲ್ಲರೂ ಬನ್ನಿ, ಒಂದು ಫೋಟೋ!"

ಡೊರೀನ್ ವೇದಿಕೆ ಹತ್ತಿ ಅವನ ಕೈ ಕುಲುಕಿದಳು. ಆಗ ಮಿಚ್ ಎಲ್ಲರಿಗಿಂತ ಮೊದಲು ಓಡಿಬಂದು ಅವಳ ಪಕ್ಕದಲ್ಲಿ ನಿಂತ. ಎಲ್ಲರೆದುರೂ ಹೆಗಲ ಮೇಲೆ ಕೈ ಹಾಕಿದ. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ.

"ಒಳಗೆ ನಿಂಗೇ ಹಾಕಿದೆ ಡೊರೀನ್, ದೇವರಾಣೆಗೂ! ಹೊರಗೆ ಮಾತ್ರ ಅವನ ಕಡೆ ನಿಂತಿದ್ದು."

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು...

"ನಾನು ನಿನ್ನ ಹತ್ರ ವೋಟು ಕೇಳಿದ್ನಾ, ಮಿಚ್?"

ಹೆಗಲ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಳಿಸಿ ಅವಳು ವೇದಿಕೆ ಇಳಿದಳು.

"ಎಲ್ಲಿಗೆ ಹೊರಟೆ? ಊಟ ಮಾಡ್ಕೊಂಡು ಮನೆಗೆ ಹೋಗು," ಎಂದಳು ಓಲ್ಗಾ.

"ನಾಳೆ ಬಂದು ನನ್ನ ಬಟ್ಟೆ ತಗೊಂಡು ಹೋಗ್ತೀನಿ, ಅತ್ತೆ."

ಬಾಗಿಲು ಮುಚ್ಚಿತು. ಫೋಟೋದವನು, ಇನ್ನೊಂದು ತೆಗೆಯುತ್ತೇನೆ, ನಡುವೆ ಜಾಗ ಖಾಲಿ ಕಾಣುತ್ತಿದೆ, ಸ್ವಲ್ಪ ಸರಿಯಿರಿ ಎಂದ. ಮಿಚ್ ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಅಣ್ಣನ ಪಕ್ಕಕ್ಕೆ ಸರಿದು ನಿಂತ.