ಹಗೇವಿನಲ್ಲಿ ಹೂತ ಮಾತು

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಮೀಸೆ ಚಿಗುರದ ಕಾಲದಲ್ಲಿ, ಎರೆನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನ ಸುಗ್ಗಿಯ ಜೋಳವನ್ನೆಲ್ಲ ನೆಲದೊಳಗಿನ ಹಗೇವಿಗೆ ಸುರಿದು, ಅದರ ಬಾಯಿಗೆ ಮಣ್ಣು ಮುಚ್ಚಿ, ಬೇಕಾದಾಗ ಅಗೆದು ತೆಗೆಯುತ್ತಿದ್ದರು.

ಗರಳಾಕ್ಷನೆಂಬ ಮಾಯಾವಿಗೆ ಆ ನಾಡು ತನ್ನ ಕಾಲಿಗೆ ಬೀಳಲಿ ಅಂತ ಆಸೆ. 'ಅಗೆ' ಎಂಬ ಒಂದೇ ಮಾತನ್ನು ಎಲ್ಲರ ನಾಲಿಗೆಯಿಂದ ಹೀರಿ, ತಾಮ್ರದ ಗಿಂಡಿಗೆ ತುಂಬಿ, ಊರ ನಡುವಿನ ದೊಡ್ಡ ಹಗೇವಿನೊಳಗೆ ಮಂತ್ರದಿಂದ ಇಳಿಸಿಬಿಟ್ಟ. ಮಾತು ಹೋದದ್ದೇ ಕೈಗೂ ಮರೆವು ಬಂತು. ಜನ ಗುದ್ದಲಿ ಎತ್ತುವರು, ಇದರಿಂದ ಏನು ಮಾಡುವುದು ಅಂತ ಪಿಳಿಪಿಳಿ ನೋಡುವರು, ಕೆಳಗಿಡುವರು. ಕಾಲ ಕೆಳಗೇ ಜೋಳ, ಹೊಟ್ಟೆ ಮಾತ್ರ ಖಾಲಿ.

"ನನ್ನನ್ನು ದೊರೆ ಅನ್ನಿ, ಅನ್ನ ಹಾಕುತ್ತೇನೆ," ಅಂದ ಗರಳಾಕ್ಷ.

ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಹುಟ್ಟುಮೂಗಿ. ಮೂಗಿಯನ್ನು ಯಾರು ಲೆಕ್ಕಕ್ಕಿಡುತ್ತಾರೆ? ಪುಣ್ಯಾತ್ಮ ಗರಳಾಕ್ಷನೂ ಇಟ್ಟಿರಲಿಲ್ಲ. ಅವಳ ನಾಲಿಗೆ ಮೇಲೆ ಇಲ್ಲದ ಮಾತನ್ನು ಕದಿಯುವುದಾದರೂ ಹೇಗೆ? ಅವಳ ಕೈಗೆ ಎಲ್ಲ ನೆನಪಿತ್ತು. ಅಗೆಯಲು ಅವಳ ಬಡಮನೆಗೆ ಹಗೇವಿರಲಿಲ್ಲ, ಅಷ್ಟೇ.

ಗುದ್ದಲಿಯ ಮರದ ಕಾವನ್ನು ಎರಡು ಸಲ ನೆಲಕ್ಕೆ ಕುಟ್ಟಿದರೆ ಸಾಕು, ಅವಳ ಪುಟ್ಟ ಮಗಳು ಎಲ್ಲಿದ್ದರೂ ಓಡಿಬರುತ್ತಿದ್ದಳು. ಅವತ್ತು ಕುಟ್ಟಿದರೆ ಹಸಿದ ಮಗು ಕಣ್ಣೂ ತೆರೆಯಲಿಲ್ಲ.

"ನಡೀ ತಾಯಿ, ಅವನ ಕಾಲಿಗೆ ಬೀಳೋಣ. ಕೂಸು ಉಳಿದರೆ ಸಾಕು," ಅಂತ ಅತ್ತೆ ನಿಂಗವ್ವ ಅತ್ತಳು.

ಹುಲಿಗೆವ್ವನಿಗೆ ಸಿಟ್ಟು ನೆತ್ತಿಗೇರಿತು. ಮಗುವನ್ನು ಅತ್ತೆಯ ತೊಡೆಗೆ ಹಾಕಿ, ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು, ಗಿಂಡಿ ಇಳಿದದ್ದನ್ನು ತಾನೇ ಕಂಡಿದ್ದ ದೊಡ್ಡ ಹಗೇವಿಗೆ ಹೋದಳು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಹ್ಹ ಅಂತ ಉಸಿರು ಬಿಟ್ಟು ಏಟು ಹಾಕಿದಳು.

ಗರಳಾಕ್ಷ ಓಡಿಬಂದು ಮಣ್ಣನ್ನು ಕಲ್ಲು ಮಾಡಿದ. ಹ್ಹ ಅಂತ ಸಂದಿಗೆ ಗುದ್ದಲಿ ತೂರಿಸಿ ಮೀಟಿದಳು, ಕಲ್ಲು ಮಗುಚಿತು. ಅವನು ಮಣ್ಣಿನ ಹೆಂಟೆ ಹೆಂಟೆಯನ್ನೂ ಚೇಳು ಮಾಡಿದ. ಕುಟುಕಿಸಿಕೊಂಡೇ ಹ್ಹ ಅಂತ ಚೇಳುಗಳನ್ನೂ ಎತ್ತಿ ಎಸೆದಳು.

ಮೂರನೆಯ ಸಲ ಅವನ ದನಿ ಬೆಣ್ಣೆಯಾಯಿತು. "ಗುದ್ದಲಿ ಬಿಸಾಕು, ನಿನಗೆ ಮಾತು ಕೊಡುತ್ತೇನೆ. ಮಗಳನ್ನು ಹೆಸರು ಹಿಡಿದು ಕರೆಯಬಹುದು."

ಅವಳ ಕೈ ನಿಂತಿತು. ಆಸೆಯಾಯಿತು, ಯಾಕಾಗಬಾರದು? ಹೆತ್ತ ಮಗಳ ಹೆಸರು ಒಮ್ಮೆಯೂ ಅವಳ ಬಾಯಲ್ಲಿ ಬಂದದ್ದಿಲ್ಲ. ಆದರೂ ಅಂಗೈಗೆ ಉಗುಳಿಕೊಂಡು, ಅವನ ಮುಖ ನೋಡುತ್ತಲೇ ಏಟು ಹಾಕಿದಳು. ಹಗೇವಿನ ಬಾಯಿ ತೆರೆಯಿತು.

ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಟ್ಟಳು. ದೀಪ ಆರಿತು. ಅದನ್ನು ಮೇಲೆಳೆದು ತೆಪ್ಪಗೆ ಪಕ್ಕಕ್ಕೆ ಕೂತಳು.

"ಹೆದರಿದಳು ಮೂಗಿ," ಅಂತ ನಕ್ಕು, ಗಿಂಡಿ ತಾನೇ ಎತ್ತಿಕೊಳ್ಳಲು ಗರಳಾಕ್ಷ ಒಳಗೆ ಹಾರಿದ.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ದೀಪ ಉರಿಯುವ ತನಕ ಇಳಿಯಬಾರದು. ಎರೆನಾಡಿನ ಕೂಸಿಗೂ ಗೊತ್ತಿದ್ದ ವಿಷಯ. ಜನ್ಮದಲ್ಲಿ ಒಂದು ಹಿಡಿ ಮಣ್ಣು ಅಗೆಯದವನಿಗೆ ಯಾರು ಹೇಳಬೇಕು? ಹಾರಿದವನು ಮೇಲೆ ಬರಲಿಲ್ಲ.

ಗಾಳಿಯಾಡಿದ ಮೇಲೆ ಮತ್ತೆ ಬಿಟ್ಟ ದೀಪ ಉರಿಯಿತು. ಹುಲಿಗೆವ್ವ ಇಳಿದು, ಗಿಂಡಿ ತಂದು ಒಡೆದಳು. ಒಳಗಿಂದ ಬಂದದ್ದು ಬರೀ ಒಂದು ಹ್ಹ, ಅವಳ ಉಸಿರಿನಂಥದ್ದೇ. ಆ ಮಾತು ಹುಟ್ಟಿದ್ದು ಅರಮನೆ ಪಂಡಿತರ ಬಾಯಲ್ಲಲ್ಲ ಕಣ್ರಪ್ಪ, ಅಗೆಯುವವರ ಎದೆಯಲ್ಲಿ. ಉಸಿರು ಊರವರ ನಾಲಿಗೆಗೆ ಬಿದ್ದು ಮಾತಾಯಿತು, ಮನೆ ಮನೆಯ ಹಗೇವು ತೆರೆಯಿತು.

ಅಂದಿನಿಂದ ಎರೆನಾಡಿನಲ್ಲಿ ಯಾರ ಒಲೆಯೂ ತಣ್ಣಗಾಗಲಿಲ್ಲ. ಅಂಬಲಿ ಕುಡಿದು ಚೇತರಿಸಿಕೊಂಡ ಮಗು ನಾಲ್ಕನೇ ದಿನ ಬೀದಿಗೆ ಆಡಲು ಹೋಯಿತು. ರೊಟ್ಟಿ ಬೆಂದಾಗ ಹುಲಿಗೆವ್ವ ಬಾಗಿಲಿಗೆ ಬಂದು ಗುದ್ದಲಿಯ ಕಾವನ್ನು ಎರಡು ಸಲ ಕುಟ್ಟಿದಳು. ಮಗಳು ಓಡಿಬಂದಳು.