ಹುಂಜ ಕೂಗಿದ ಜಾಗ

"ಈ ಸಲವೂ ಕೂಗ್ದೆ ಹೋದ್ರೆ?" ಎಂದಳು ಮುದುಕಿ ಸಿದೋನಿಯಾ.

"ಕೂಗ್ದೆ ಏನ್ಮಾಡತ್ತೆ? ಇಂಥ ಬಾಯಿಬಡುಕ ಊರಲ್ಲೇ ಇನ್ನೊಂದಿಲ್ಲ," ಎನ್ನುತ್ತ ಮಗಳು ದರೀಕೊ ಹುಂಜದ ಕಾಲು ಕಟ್ಟಿ ಬೆನ್ನುಚೀಲಕ್ಕೆ ಇಳಿಸಿದಳು. ಅದರ ತಲೆ ಮಾತ್ರ ಹಿಂದಕ್ಕೆ ಮುಖಮಾಡಿ ಹೊರಗುಳಿಯಿತು.

ಸ್ವಾನೇತಿ ಎಂಬ ಬೆಟ್ಟಸೀಮೆಯ ಆ ಹಳ್ಳಿಯಲ್ಲಿ, ಬೆಟ್ಟದ ಮೇಲೆ ಸತ್ತವರ ಜೀವ ತಾನಾಗಿ ಮನೆಗೆ ಬರುವುದಿಲ್ಲ. ಹುಂಜ ಹೊತ್ತು ಹೋಗಿ ಕರೆತರಬೇಕು. ಜೀವ ದೇಹ ಬಿಟ್ಟ ಜಾಗದಲ್ಲಿ ಹುಂಜ ಕೂಗುತ್ತದೆ. ವರ್ಷ ತುಂಬುವುದರೊಳಗೆ ಕೂಗದಿದ್ದರೆ ಮುಗಿಯಿತು, ಆ ಜೀವ ಹಿಮದಲ್ಲೇ ಅಲೆಯಬೇಕು. ದರೀಕೊಳ ತಮ್ಮ ಜೋಕಿಯಾ ಕಾಡುಮೇಕೆ ಬೇಟೆಗೆ ಹೋಗಿ ಹಿಮನದಿಯ ಬಿರುಕಿಗೆ ಬಿದ್ದು ನಾಳೆಗೆ ವರ್ಷ. ಅವನ ಜೊತೆಗಿದ್ದ ಬಿಮುರ್ಜಾ ತೋರಿಸಿದ ಬಿರುಕಿಗೆ ಗಂಡಸರು ಬೇಸಿಗೆಯಲ್ಲಿ ಎರಡು ಸಲ ಹೋಗಿಬಂದಿದ್ದರು. ಎರಡು ಹುಂಜಗಳೂ ಕೊಕ್ಕು ಬಿಚ್ಚಲಿಲ್ಲ. ಗಂಡಸರು ಅವನ್ನು ಸಾರು ಮಾಡಿ ತಿಂದು, ಇನ್ನು ನಮ್ಮ ಕೈಲಾಗದು ಎಂದುಬಿಟ್ಟರು.

ಬಿಮುರ್ಜಾ ಬೇಲಿಯ ಹತ್ತಿರವೇ ಅಡ್ಡ ನಿಂತಿದ್ದ. "ಅಕ್ಕಾ, ಸುಮ್ನೆ ಯಾಕೆ ಜೀವ ತೇಯ್ತೀಯಾ? ನನ್ನ ಕಣ್ಣೆದುರಿಗೇ ಸತ್ತ ಅಂತ ಎಷ್ಟು ಸಲ ಹೇಳ್ಲಿ?"

"ಹೇಳಿದ್ದು ಸಾಕಪ್ಪಾ. ದಾರಿ ಬಿಡು."

ಕೊಯ್ಲು ಮುಗಿದಿದ್ದ ಹುಲ್ಲುಗಾವಲುಗಳಲ್ಲಿ ಎಲೆಯೇ ಇಲ್ಲದ ನೇರಳೆ ಹೂಗಳು ನೆಲದಿಂದ ನೆಟ್ಟಗೆ ಎದ್ದಿದ್ದವು. ಮೇಲೆ ಹೋದಂತೆ ಹೂ ಕಮ್ಮಿಯಾಗಿ, ಪೊದೆ ಕುಳ್ಳಾಗಿ, ಹಳ್ಳದ ನೀರು ಬೂದಿ ಕಲಸಿದ ಬಣ್ಣಕ್ಕೆ ತಿರುಗಿತು. ಅದರಾಚೆಗೆ ಹಿಮನದಿ ತಂದು ಸುರಿದ ಕಲ್ಲುರಾಶಿ, ಅದಕ್ಕೂ ಮೇಲೆ ಶ್ಖಾರಾ ಪರ್ವತದ ಬಿಳಿ ಗೋಡೆ. ಎಳೆವಯಸ್ಸಿನಲ್ಲಿ ದರೀಕೊ ಇಲ್ಲೆಲ್ಲ ಹಾಡುತ್ತ ದನ ಕಾಯ್ದವಳು. ಇವತ್ತು ಬಾಯಿಂದ ಹಾಡು ಹೊರಡಲಿಲ್ಲ.

ಹುಲ್ಲು ಮುಗಿದು ಕಲ್ಲು ಶುರುವಾಗುವಲ್ಲಿ ಹಿಂದಿನಿಂದ ಸದ್ದು ಕೇಳಿಸಿತು. ಒಂದು ಹೆಜ್ಜೆ, ಆಮೇಲೆ ಏನೋ ಎಳೆದಂತೆ ಸರಕ್ಕನೆ ಜಲ್ಲಿ ಸರಿಯುವ ಸದ್ದು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿದಳು. ಯಾರೂ ಇಲ್ಲ. ಆದರೆ ಹಿಂದಕ್ಕೇ ನೋಡುತ್ತಿದ್ದ ಹುಂಜದ ಕತ್ತಿನ ಪುಕ್ಕ ನಿಮಿರಿತ್ತು.

"ಮೇಕೆ ಇರಬೇಕು ಕಣೋ," ಎಂದು ಅದಕ್ಕೆ ಹೇಳಿದಳು. ಹೇಳಿದ್ದು ತನಗೇ.

ಮಧ್ಯಾಹ್ನಕ್ಕೆ ಬಿರುಕು ಸಿಕ್ಕಿತು. ರೊಟ್ಟಿಗೆ ಮಸಾಲೆ ಉಪ್ಪು ಉದುರಿಸಿ ಅಂಚಿನಲ್ಲಿಟ್ಟು ತಮ್ಮನನ್ನು ಮೂರು ಸಲ ಕೂಗಿದಳು. ಹುಂಜ ಕಣ್ಣು ಮುಚ್ಚಿ ಕೂತಿತು. ಕಾದಳು, ಬೈದಳು, ಗೋಗರೆದಳು. ಅಷ್ಟರಲ್ಲಿ ಮಂಜು ಇಳಿಯಿತು.

ಎದ್ದು ನಾಲ್ಕು ಹೆಜ್ಜೆ ಇಟ್ಟಿರಬೇಕು. ಕಾಲಡಿಯ ಹಿಮ ಕುಸಿಯಿತು!

ಸೊಂಟದವರೆಗೆ ಇಳಿದುಹೋದಳು. ಬೆನ್ನುಚೀಲ ಅಂಚಿಗೆ ಸಿಕ್ಕಿಕೊಂಡಿತು. ಕಾಲಿಗೆ ಏನೂ ಸಿಗಲಿಲ್ಲ. ಕೆಳಗಿನಿಂದ ಯಾರೋ ಉಸಿರು ಬಿಟ್ಟಂತೆ ತಣ್ಣನೆ ಗಾಳಿ ಬಂತು.

"ಜೋಕಿಯಾ, ಎಳೀಬೇಡ ಕಣೋ! ನಿನ್ನ ಕರ್ಕೊಂಡು ಹೋಗಕ್ಕೆ ಬಂದಿದೀನಿ, ನಿನ್ನ ಜೊತೆ ಇರಕ್ಕಲ್ಲ!"

ಕೈಯಲ್ಲಿದ್ದ ಹಿಮಗೊಡಲಿ ಬೀಸಿ ಅಂಚಿಗೆ ಕಚ್ಚಿಸಿದಳು. ಜಾರಿತು. ಮತ್ತೆ ಬೀಸಿದಳು. ಮೊಣಕೈ ಊರಿ, ಹಲ್ಲು ಕಚ್ಚಿ, ಹೊಟ್ಟೆಯ ಮೇಲೆ ತೆವಳಿ ಈಚೆ ಬಂದಳು. ಹುಂಜ ಕೊಕ್ ಕೊಕ್ ಎಂದು ಶಾಪ ಹಾಕಿತೇ ಹೊರತು ಕೂಗಲಿಲ್ಲ.

ಮಂಜಿನಲ್ಲಿ ಬಂದ ದಾರಿ ತಪ್ಪಿತು. ಇಳಿಜಾರು ಹಿಡಿದು, ಯಾರೂ ತುಳಿಯದ ಒಂದು ಕೊರಕಲಿಗೆ ಇಳಿದಳು. ಅಮ್ಮನಿಗೆ ಏನು ಹೇಳಲಿ ಎಂಬ ಸಂಕಟವೇ ಚಳಿಗಿಂತ ಹೆಚ್ಚಾಗಿತ್ತು. ಹುಲ್ಲು ಮತ್ತೆ ಕಾಣಿಸಿಕೊಳ್ಳುವಲ್ಲಿ ಒಂದು ದೊಡ್ಡ ಬಂಡೆ ಇತ್ತು. ಅದನ್ನು ದಾಟುವಾಗ ಹುಂಜ ಕತ್ತು ಚಾಚಿ ಕೂಗಿತು. ಒಂದಲ್ಲ, ಮೂರು ಸಲ.

"ಅಯ್ಯೋ ಮುಂಡೇದೇ! ಅಲ್ಲಿ ಕೂಗು ಅಂದ್ರೆ ಇಲ್ಲಿ..."

ಮಾತು ಅಲ್ಲೇ ನಿಂತಿತು. ಬಂಡೆಗೆ ಒತ್ತಿ ಯಾರೋ ಮೊಣಕಾಲೆತ್ತರಕ್ಕೆ ಕಲ್ಲು ಪೇರಿಸಿ ಗೋಡೆ ಕಟ್ಟಿದ್ದರು. ಸಂದುಗಳಿಗೆ ಹುಲ್ಲು ತುರುಕಿತ್ತು. ಚಳಿಗಾಲದಲ್ಲಿ ಕುಸಿದು ಕೊರಕಲು ತುಂಬಿದ್ದ ಹಿಮ ಈಗಷ್ಟೇ ಕರಗಿ ಮುಗಿದಿತ್ತು. ಗೋಡೆಯ ಹಿಂದೆ ಜೋಕಿಯಾ ಇದ್ದ. ಮುರಿದ ಕಾಲಿಗೆ ಬಂದೂಕಿನ ಪಟ್ಟಿಯಿಂದ ಕೋಲು ಬಿಗಿದುಕೊಂಡಿದ್ದ.

ಬಿರುಕಿನಿಂದ ಹತ್ತಿ ಬಂದಿದ್ದ ಅವನು. ಇಲ್ಲಿಯವರೆಗೆ ತೆವಳಿದ್ದ. ಆ ಗೋಡೆ ಒಂದು ಗಂಟೆಯ ಕೆಲಸವಲ್ಲ. ಯಾರಾದರೂ ಬರುತ್ತಾರೆಂದು ಕಾದಿದ್ದ. ದರೀಕೊ ಗಂಟಲು ಹರಿಯುವಂತೆ ಅತ್ತಳು.

ಆಮೇಲೆ ತನ್ನ ಶಾಲು ಅವನಿಗೆ ಹೊದಿಸಿ, ಅವನ ಟೋಪಿ ತೆಗೆದುಕೊಂಡು ಎದ್ದಳು. ಜೀವಕ್ಕೆ ದಾರಿ ಹೇಳುತ್ತ ಕರೆತರಬೇಕು.

"ಬಾರೋ. ಇಲ್ಲಿ ಹಳ್ಳ ಇದೆ, ಜೋಪಾನ. ಕಾಲು ನೋಯ್ತಿದ್ಯಾ? ನಿಧಾನಕ್ಕೇ ಹೋಗೋಣ ಬಿಡು."

ಹಿಂದೆ ಅದೇ ಸದ್ದು ಬಂತು. ಒಂದು ಹೆಜ್ಜೆ, ಒಂದು ಎಳೆತ. ಈಗ ಅವಳಿಗೆ ಭಯವಾಗಲಿಲ್ಲ. ಬೇಕೆಂದೇ ನಿಧಾನವಾಗಿ ನಡೆದಳು.

ಸಂಜೆ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಮೇಜಿನ ಮೇಲೆ ಮಾಂಸದ ರೊಟ್ಟಿ, ಅರಾಕು ಸಾರಾಯಿ. ಜೋಕಿಯಾನಿಗೆಂದು ಖಾಲಿ ಕುರ್ಚಿ. ನೆರೆಯವರೆಲ್ಲ ಸೇರಿದ್ದರು, ಬಿಮುರ್ಜಾನೂ.

"ಎಲ್ಲಿ ಕೂಗ್ತು?" ಎಂದಳು ತಾಯಿ.

ದರೀಕೊ ಟೋಪಿಯನ್ನು ಕುರ್ಚಿಯ ಮೇಲಿಟ್ಟಳು. "ಹುಲ್ಲು ಶುರುವಾಗೋ ಕಡೆ, ಅಮ್ಮಾ. ನಮ್ಮೂರ ಕಲ್ಲಿನ ಕಾವಲುಗೋಪುರಗಳು ಕಾಣೋ ಜಾಗದಲ್ಲಿ. ಕಾಲು ಕಟ್ಕೊಂಡು, ಗೋಡೆ ಕಟ್ಕೊಂಡು ಕೂತಿದ್ದಾನೆ."

ಬಿಮುರ್ಜಾನ ಮುಖ ಸುಣ್ಣವಾಯಿತು. "ಒಂದ್ಸಲ ಕೂಗ್ದೆ... ಸದ್ದು ಬರ್ಲಿಲ್ಲ. ಹಿಮ ಬೀಳ್ತಿತ್ತು. ಹೆದರಿ ಓಡ್ಬಿಟ್ಟೆ, ಅಮ್ಮಾ," ಎನ್ನುತ್ತ ಬಾಗಿಲ ಕಡೆ ಸರಿದ.

ಸಿದೋನಿಯಾ ಬೈಯಲಿಲ್ಲ, ಅಳಲಿಲ್ಲ. ಖಾಲಿ ಕುರ್ಚಿಯ ಪಕ್ಕಕ್ಕೆ ಇನ್ನೊಂದನ್ನು ಎಳೆದಳು.

"ನಾಳೆ ಅವನನ್ನ ಹೊತ್ಕೊಂಡು ಬರೋವಾಗ ಮುಂದಿನ ಹೆಗಲು ನಿಂದು. ಈಗ ಬಾ, ಅವನ ಪಕ್ಕ ಕೂತ್ಕೋ. ವರ್ಷದಿಂದ ಒಬ್ನೇ ಇದಾನೆ."

ಬಿಮುರ್ಜಾ ಬಂದು ಕೂತ. ಆ ಹುಂಜವನ್ನು ಯಾರೂ ಸಾರು ಮಾಡಲಿಲ್ಲ.