ವರನೇ ಎತ್ತಿದ ಆಕ್ಷೇಪಣೆ

"ಈ ಇಬ್ಬರು ಒಂದಾಗುವುದಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬಹುದು."

ಮದುವೆಗೆ ಮುನ್ನ ಚರ್ಚಿನಲ್ಲಿ ಮೂರು ಭಾನುವಾರ ಓದಬೇಕಾದ ಪ್ರಕಟಣೆಯನ್ನು ಪಾಸ್ಟರ್ ಓದುತ್ತಿದ್ದರು; ಇದು ಮೂರನೆಯ, ಕೊನೆಯ ವಾರ. ಹಿಂದಿನ ಎರಡು ವಾರ ಯಾರೂ ಉಸಿರೆತ್ತಿರಲಿಲ್ಲ. ಮದುಮಗಳಾಗಲಿದ್ದ ಅವಳು ಅಕ್ಕನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಇನ್ನೊಂದು ಕ್ಷಣ... ಆಮೇಲೆ ಎಲ್ಲ ಸುಸೂತ್ರ!

ಅಷ್ಟರಲ್ಲಿ ಹಿಂದಿನ ಬೆಂಚೊಂದು ಕಿರ್ರೆಂದಿತು.

"ನನ್ನದಿದೆ, ಪಾಸ್ಟರ್."

ಆ ಧ್ವನಿ...! ಎದ್ದು ನಿಂತಿದ್ದವನು ಬೇರೆ ಯಾರೂ ಅಲ್ಲ, ಅವಳನ್ನು ಮದುವೆಯಾಗಬೇಕಿದ್ದವನೇ!

"ಏನಪ್ಪಾ ಇದು? ಕಾರಣ ಹೇಳು."

"ಅವಳದ್ದೇನೂ ತಪ್ಪಿಲ್ಲ. ನನ್ನಿಂದ ಆಗಲ್ಲ... ಅಷ್ಟೇ."

ಅವಳ ಕಡೆ ಕಣ್ಣೆತ್ತಿಯೂ ನೋಡದೆ ಅವನು ಹೊರನಡೆದ.

ಮನೆಗೆ ಬಂದ ಮೇಲೆ ಅಕ್ಕ ಕಿಡಿಕಾರಿದಳು. "ಅಷ್ಟು ಜನರ ಮುಂದೆ ಮರ್ಯಾದೆ ಕಳೆದನಲ್ಲೇ! ಬಸ್ಸು ಓಡಿಸೋನಿಗೆ ಬ್ರೇಕು ಎಲ್ಲಿ ಹಾಕಬೇಕು ಅಂತ ಗೊತ್ತಿಲ್ವಾ? ನೀನಾದ್ರೂ ಬಾಯಿಬಿಟ್ಟು ಬೈಯೇ!"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಾಲೆಯ ಗ್ರಂಥಾಲಯದ ಕೆಲಸಕ್ಕೆ ಅವಳು ದಿನಾ ಹೋಗುತ್ತಿದ್ದುದು ಅವನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕುಳಿತು. "ಮಾತಿನಮಲ್ಲಿಯವರೇ, ಸ್ವಲ್ಪ ಕಮ್ಮಿ ಮಾತಾಡಿ, ಪ್ಯಾಸೆಂಜರ್‌ಗಳಿಗೆ ತೊಂದರೆ ಆಗ್ತಿದೆ!" ಎಂದು ಅವನು ಛೇಡಿಸುತ್ತಿದ್ದ. ತುಟಿ ಪಿಟಕ್ಕೆನ್ನದ ಅವಳು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

'ಆ ಮೌನವೇ ಅವರಿಗೆ ಸಾಕಾಯ್ತಾ? ಜೀವನವಿಡೀ ಇಂಥವಳ ಜೊತೆ ಹೇಗಪ್ಪಾ ಅನ್ನಿಸಿರಬೇಕು...'

ಮರುದಿನ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದ. ಸಂಜೆ ಕೆಲಸ ಮುಗಿಸಿದವಳು ಮನೆಗೆ ಹೋಗದೆ ನೇರವಾಗಿ ಡಿಪೋಗೆ ನಡೆದಳು. ಕಾರಣ ಒಂದು ಸಲ ಅವನ ಬಾಯಿಂದಲೇ ಕೇಳಬೇಕು... ಅಷ್ಟೇ ಸಾಕು.

ಬಸ್ಸಿನ ಅಡಿಯಿಂದ ತೆವಳಿಕೊಂಡು ಬಂದ ಮುದಿ ಮೆಕ್ಯಾನಿಕ್ ಅವಳ ಗುರುತು ಹಿಡಿದು ಕೈಯ ಗ್ರೀಸ್ ಒರೆಸಿಕೊಂಡ. "ನಿಮ್ಮ ಡ್ರೈವರ್ ಬೇಕಾ? ಅವನು ಈಗ ಸ್ಟೋರಲ್ಲಿ ಬಿಡಿಭಾಗ ಕೊಡೋ ಸಾಹೇಬ್ರು, ತಾಯಿ! ಮೊನ್ನೆ ಶನಿವಾರ ಸಂಜೆ ಇಲ್ಲೇ ಫಿಟ್ಸ್ ಬಂದು ಬಿದ್ದ. ಇನ್ನು ಸ್ಟೇರಿಂಗ್ ಮುಟ್ಟಬಾರದು ಅಂದಿದ್ದಾರೆ ಡಾಕ್ಟ್ರು. ಯಾಕೆ, ನಿಮಗೆ ಹೇಳಿಲ್ವಾ? ಅಯ್ಯೋ, ನನ್ನ ಬಾಯಿಗೆ ಬೀಗ ಹಾಕ!"

ಅವಳು ಸ್ಟೋರಿನ ಕಡೆ ಓಡಿದಳು.

ಸ್ಟೋರಿನಲ್ಲಿ ಅವನು ಫ್ಯಾನ್ ಬೆಲ್ಟುಗಳನ್ನು ಮೊಳೆಗೆ ತೂಗುಹಾಕುತ್ತಿದ್ದ. ಹಣೆಯ ಮೇಲೆ ಮಾಸದ ಗಾಯ. ಭಾನುವಾರ ತಲೆ ತಗ್ಗಿಸಿ ಕುಳಿತವಳಿಗೆ ಅದು ಕಂಡೇ ಇರಲಿಲ್ಲ!

"ಯಾಕೆ ಬಂದೆ? ಮನೆಗೆ ಹೋಗು."

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತಿರಲಿಲ್ಲ. ಅದಕ್ಕೇ..." ಅವನು ಇನ್ನೊಂದು ಬೆಲ್ಟನ್ನು ಕೈಗೆತ್ತಿಕೊಂಡ. "ಗಂಡನಾದವನು ಕ್ರಿಸ್ತನ ಹಾಗೆ ತನ್ನನ್ನೇ ಕೊಟ್ಟುಬಿಡಬೇಕು ಅಂತ ಪಾಸ್ಟರ್ ಹೇಳಿರಲಿಲ್ವಾ? ನನ್ನ ಹತ್ತಿರ ಕೊಡೋಕೆ ಇದ್ದದ್ದು ಇಷ್ಟೇ. ನಿನ್ನ ಬಿಡುಗಡೆ."

ಅವಳೊಳಗೆ ಏನೋ ಒಡೆಯಿತು. ಇಷ್ಟು ವರ್ಷ ನುಂಗಿದ ಮಾತೆಲ್ಲ ಒಟ್ಟಿಗೇ ನುಗ್ಗಿ ಬಂತು.

"ಕ್ರಿಸ್ತ ತನ್ನವರಿಗೋಸ್ಕರ ಪ್ರಾಣ ಕೊಟ್ಟ. ತನ್ನವರನ್ನ ಬಿಟ್ಟು ಓಡಿಹೋಗಲಿಲ್ಲ! ನೀವು ಕೊಟ್ಟದ್ದು ಏನು ರೀ? ನಿಮ್ಮ ನೋವನ್ನ ನಿಮ್ಮ ಹತ್ತಿರಾನೇ ಬಚ್ಚಿಟ್ಟುಕೊಂಡು, ನನಗೆ ಬರೀ ಅವಮಾನ ಕೊಟ್ರಿ. ಇಬ್ಬರೂ ಒಂದೇ ದೇಹ ಅಂದ್ಮೇಲೆ ಕಾಯಿಲೆ ನಿಮ್ಮೊಬ್ಬರದ್ದು ಹೇಗಾಯ್ತು? ತ್ಯಾಗ ಮಾಡೋ ಹಕ್ಕು ನಿಮಗೆ ಮಾತ್ರ ಇರೋದಾ? ನನಗಿಲ್ವಾ?"

ಅವನ ಕೈಯಿಂದ ಬೆಲ್ಟು ಜಾರಿ ಬಿತ್ತು. ಅವಳು ಇಷ್ಟು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

"ನಿನಗೆ... ಭಯ ಆಗಲ್ವಾ?"

"ಆಗುತ್ತೆ. ಈಗಲೂ ಕೈ ನಡುಗ್ತಿದೆ, ನೋಡಿ."

ಅವನು ನೋಡಲಿಲ್ಲ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬ್ರೇಕ್ ಲೈನರ್‌ಗಳ ಪೆಟ್ಟಿಗೆಯ ಮೇಲೆ ಕುಸಿದು ಕುಳಿತು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ತಪ್ಪಾಯ್ತು ಕಣೇ... ನೀನಿಲ್ಲದೆ ನನ್ನ ಕೈಲಿ ಆಗಲ್ಲ. ನನಗೆ ನೀನು ಬೇಕು."

ಆ ಮಾತು ಹೇಳುವುದು ಅವನಿಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಅವಳೂ ಪಕ್ಕದಲ್ಲಿ ಕುಳಿತಳು.

"ಮತ್ತೆ ಫಿಟ್ಸ್ ಬಂದ್ರೆ ನಾನು ಏನು ಮಾಡಬೇಕು? ಹೇಳಿಕೊಡಿ."

ಅವನು ಕಣ್ಣೊರೆಸಿಕೊಂಡ. "ಹೆದರಬಾರದು. ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಬಾಯಿಗೆ ಏನೂ ಹಾಕಬಾರದು. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಬೇಕು."

"ಏನು ಇಡಲಿ?"

"ಆಗ ಹತ್ತಿರ ಏನಿರುತ್ತೋ ಅದು."

ಅವಳು ಅವನ ಹಣೆಯ ಗಾಯವನ್ನು ಬೆರಳ ತುದಿಯಿಂದ ಮೆಲ್ಲನೆ ಮುಟ್ಟಿದಳು.

"ನನ್ನ ಮಡಿಲಿರುತ್ತೆ."